ಕರುವಿಗೆ ಭೇದಿಯೇ? ಬೆರಳು ಚೀಪುತ್ತದಾ ನೋಡಿ

ಮಳೆಗಾಲದಲ್ಲಿ ನಮ್ಮ ಸಕಲೇಶಪುರ ಕಡೆ ಕೊಟ್ಟಿಗೆ ಒಣಗುವುದೇ ಇಲ್ಲ, ಎಳೆಗರುಗಳಿಗೆ ಭೇದಿ ತಪ್ಪುವುದೂ ಇಲ್ಲ. ಭೇದಿ ಶುರುವಾದರೆ ನಾವೆಲ್ಲ ಕುತ್ತಿಗೆ ಚರ್ಮ ಚಿವುಟಿ, ಕಣ್ಣು ಗುಳಿ ಬಿದ್ದಿದೆಯಾ ಅಂತ ನೋಡುತ್ತೇವೆ, ಅಲ್ವಾ? ನೋಡಬೇಕಾದ್ದೇ. ಆದರೆ ಅದರಿಂದ ಮೈಯ ನೀರು ಎಷ್ಟು ಹೋಗಿದೆ ಅಂತ ಮಾತ್ರ ಗೊತ್ತಾಗುತ್ತದೆ. ರಕ್ತ ಎಷ್ಟು ಹುಳಿಯಾಗಿದೆ ಅನ್ನುವುದು ಬೇರೆ ಲೆಕ್ಕ.

ಭೇದಿಯ ಜೊತೆ ರಕ್ತದ ಹುಳಿ ತಗ್ಗಿಸುವ ಬೈಕಾರ್ಬನೇಟ್ (ಸೋಡಾದ ಅಂಶ) ಹರಿದುಹೋಗುತ್ತದೆ. ಅರಗದ ಹಾಲು ಕರುಳಲ್ಲಿ ಹುಳಿತು ಡಿ-ಲ್ಯಾಕ್ಟೇಟ್ ಅನ್ನುವ ಆಮ್ಲವಾಗಿ ರಕ್ತ ಸೇರುತ್ತದೆ. ವಾರ ದಾಟಿದ ಕರುಗಳಲ್ಲಿ ಈ ಕಾಟ ಜಾಸ್ತಿ. ಕಣ್ಣು ಅಷ್ಟೇನೂ ಗುಳಿ ಬಿದ್ದಿರುವುದಿಲ್ಲ, ಆದರೂ ಕರು ಕುಡಿದವರ ಹಾಗೆ ತೂರಾಡುತ್ತದೆ, ರೆಪ್ಪೆ ಮುಟ್ಟಿದರೆ ನಿಧಾನಕ್ಕೆ ಮುಚ್ಚುತ್ತದೆ.

ಅದಕ್ಕೇ ಬಾಯಿಗೆ ಬೆರಳು ಇಡಿ. ಜೋರಾಗಿ ಚೀಪಿದರೆ ಮನೆಯಲ್ಲೇ ಓಆರ್‌ಎಸ್ ಕುಡಿಸಬಹುದು. ಹಾಲು ನಿಲ್ಲಿಸಬೇಡಿ (ನಮ್ಮ ಅಜ್ಜಿ ನಿಲ್ಲಿಸುತ್ತಿದ್ದರು, ಕರು ಇನ್ನೂ ಸೊರಗುತ್ತಿತ್ತು). ಓಆರ್‌ಎಸ್‌ನಲ್ಲಿ ಸೋಡಾ ಇದ್ದರೆ ಹಾಲಿಗೂ ಅದಕ್ಕೂ ಎರಡು ಮೂರು ಗಂಟೆ ಅಂತರ ಇರಲಿ, ಇಲ್ಲದಿದ್ದರೆ ಹೊಟ್ಟೆಯಲ್ಲಿ ಹಾಲು ಸರಿಯಾಗಿ ಒಡೆಯುವುದಿಲ್ಲ. ಚೀಪದಿದ್ದರೆ, ಏಳದಿದ್ದರೆ, ಮೈ ತಣ್ಣಗಿದ್ದರೆ ಸುಮ್ನೆ ಬಾಯಿಗೆ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಡಾಕ್ಟರು ನರಕ್ಕೆ ಬಾಟಲಿ ಹಾಕಲೇಬೇಕು.

ರಕ್ತ ಪರೀಕ್ಷೆ ಆಗಿದ್ದರೆ ಚೀಟಿ ಹೀಗೆ ಓದಿ. ಪಿಹೆಚ್ (ರಕ್ತ ಹುಳಿಯಾದಷ್ಟೂ ಇಳಿಯುವ ಅಂಕಿ) ಸುಮಾರು 7.35ರಿಂದ 7.45ರ ಒಳಗಿರಬೇಕು. ಬೈಕಾರ್ಬನೇಟ್ 25ರ ಮೇಲಿದ್ದರೆ ಒಳ್ಳೆಯದು. ಬೇಸ್ ಅಂತ ಇರುವ ಕಡೆ ಮೈನಸ್ ಬಂದರೆ ಹುಳಿ ತಗ್ಗಿಸುವ ಅಂಶ ಅಷ್ಟು ಕೊರತೆ ಅಂತ ಅರ್ಥ. ಅಲ್ಲಿ ಮೈನಸ್ 15 ಬಂದಿದೆ, ಕರು 40 ಕೆಜಿ ಅನ್ನಿ: 40 × 0.6 (ಮೈಯಲ್ಲಿ ಬೈಕಾರ್ಬನೇಟ್ ಹರಡುವ ಪಾಲು) × 15 = 360 ಮಿಲಿಮೋಲ್, ಅಂದರೆ ಸುಮಾರು 30 ಗ್ರಾಂ ಸೋಡಿಯಂ ಬೈಕಾರ್ಬನೇಟ್. ಇದು ಡಾಕ್ಟರ ಕೈಯ ಕೆಲಸ, ಅಡುಗೆ ಸೋಡಾ ಕಲಸಿ ನೀವೇ ಚುಚ್ಚಲು ಹೋಗಬೇಡಿ. ಪಿಹೆಚ್ ತೀರಾ ಕಮ್ಮಿ ಬಂತು ಅಂತ ಕರುವಿನ ಆಸೆಯನ್ನೇ ಬಿಡಬೇಡಿ, ಬೈಕಾರ್ಬನೇಟ್ ಒಳಗೆ ಹೋದ ಮೇಲೆ ಎದ್ದು ನಿಲ್ಲುವ ಕರುಗಳು ಬಹಳ. ನನಗೆ ಹೆಚ್ಚು ಭಯ ರಕ್ತದ ಸಕ್ಕರೆ ಇಳಿದಿದ್ದು, ಎಲ್-ಲ್ಯಾಕ್ಟೇಟ್ (ಮೈಗೆ ರಕ್ತ ಸರಿಯಾಗಿ ಸಿಗದಾಗ ಮೈಯೊಳಗೇ ಹುಟ್ಟುವ ಆಮ್ಲ) ಏರಿದ್ದು ಕಂಡರೆ. ಅಂಥ ಕರು ಉಳಿಯುವುದು ಕಷ್ಟ.

ಈ ರಕ್ತ ಪರೀಕ್ಷೆಯ ಮಿಷನ್ ಎಲ್ಲ ಊರಲ್ಲೂ ಇರುವುದಿಲ್ಲ. ಅದಕ್ಕೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿದಾಗ ಬರೀ ‘ಭೇದಿ’ ಅನ್ನಬೇಡಿ. ಎಷ್ಟು ದಿನದ ಕರು, ತೂಕ ಎಷ್ಟಿರಬಹುದು, ಎದ್ದು ನಿಲ್ಲುತ್ತದಾ, ಬೆರಳು ಚೀಪುತ್ತದಾ, ಜ್ವರ ನೋಡಿದಾಗ ಎಷ್ಟಿತ್ತು, ಇಷ್ಟನ್ನೂ ಹೇಳಿ.