ಹಾಸ್ಯ ಸಾಹಿತಿಗಳ ಜೊತೆ ವಿಮಾನ ಹತ್ತುವವರಿಗೆ

ಹಾಸ್ಯ ಸಾಹಿತಿಗಳ ಜೊತೆ ವಿದೇಶಕ್ಕೆ ಹೋಗಿದ್ದೆ ಅಂದ ಕೂಡಲೇ ಕಾಸರಗೋಡಿನ ಗೆಳೆಯರೆಲ್ಲ ಕೇಳುವುದು ಒಂದೇ ಪ್ರಶ್ನೆ: "ದಾರಿಯುದ್ದಕ್ಕೂ ನಗುವೇ ಅಲ್ವಾ ಮಾರಾಯ?" ಇಲ್ಲ. ದಾರಿಯುದ್ದಕ್ಕೂ ಲಗೇಜು. ನಗು ಏನಿದ್ದರೂ ವೇದಿಕೆ ಮೇಲೆ ಎರಡು ಗಂಟೆ. ಉಳಿದ ಹೊತ್ತು ಅವರು ಶುಗರ್ ಮಾತ್ರೆ ಹುಡುಕುವ, ಕಿಟಕಿ ಸೀಟು ಕೇಳುವ ಹಿರಿಯರು. ಇಲ್ಲಿಂದ ಕನ್ನಡ ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದ ನಾನು ಮೂರು ಸಲ ಗಲ್ಫಿಗೆ, ಒಂದು ಸಲ ಸಿಂಗಪುರಕ್ಕೆ ಇಂಥವರ ಜೊತೆ ಹೋಗಿ ಬಂದೆ. ಅಲ್ಲಿನ ಕನ್ನಡ ಸಂಘದವರು ನಿಮ್ಮನ್ನೂ ಕರೆದರೆ ನನ್ನ ಪೆಟ್ಟುಗಳಿಂದ ಕಲಿಯಿರಿ.

ಮೊದಲು ಹೆಸರು ನೋಡಿ. ನಮ್ಮ ಸಾಹಿತಿಗಳಿಗೆ ಊರೆಲ್ಲ ಗೊತ್ತಿರುವ ಹೆಸರು ಒಂದು, ಪಾಸ್‌ಪೋರ್ಟಿನಲ್ಲಿ ಇರುವುದು ಇನ್ನೊಂದು. ಒಮ್ಮೆ ಸಂಘಟಕರು ಅಭಿಮಾನದಿಂದ ಕಾವ್ಯನಾಮದಲ್ಲೇ ಟಿಕೆಟ್ ಮಾಡಿಸಿಬಿಟ್ಟಿದ್ದರು. ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದ ಕೌಂಟರಿನ ಹುಡುಗಿ ಪಾಸ್‌ಪೋರ್ಟ್ ನೋಡುತ್ತಾಳೆ, ಟಿಕೆಟ್ ನೋಡುತ್ತಾಳೆ, ಇವರ ಮುಖ ನೋಡುತ್ತಾಳೆ. ಇವರು, "ಅಮ್ಮಾ, ಈ ಹೆಸರು ಹಿಡಿದು ನನ್ನನ್ನು ಬೈಯುವವರು ಸಾವಿರ ಜನ ಇದ್ದಾರೆ, ಬೇಕಾದರೆ ಇಬ್ಬರನ್ನು ಕರೆಸುತ್ತೇನೆ" ಅಂದರು. ಅವಳು ಚೆನ್ನಾಗಿ ನಕ್ಕಳು. ಬೋರ್ಡಿಂಗ್ ಪಾಸ್ ಕೊಡಲಿಲ್ಲ. ಅವರು ಬಂದಿದ್ದು ಮಾರನೆಯ ದಿನ. ಯುಎಇಗೆ ಹೋಗುವುದಾದರೆ ಇನ್ನೊಂದು ಗಮನಿಸಿ. ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿಲ್ಲದೆ ಒಂದೇ ಹೆಸರಿದ್ದರೆ 2022ರ ನವೆಂಬರ್‌ನಿಂದ ವಿಸಿಟ್ ವೀಸಾಕ್ಕೆ ತಕರಾರು ಶುರುವಾಗಿದೆ. ಟಿಕೆಟಿಗೆ ಮೊದಲೇ ಪಾಸ್‌ಪೋರ್ಟಿನ ಫೋಟೋ ತರಿಸಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಓದಿ.

ಆಮೇಲೆ ಪೆಟ್ಟಿಗೆ. ಸಾಹಿತಿಗಳ ಪೆಟ್ಟಿಗೆ ಕಟ್ಟುವುದು ಮನೆಯವರು, ಅದರಲ್ಲಿ ಏನಿದೆ ಅಂತ ಸಾಹಿತಿಗೇ ಗೊತ್ತಿರುವುದಿಲ್ಲ. ಹಲಸಿನ ಹಪ್ಪಳ, ಅವಲಕ್ಕಿ ಇದ್ದರೆ ಇರಲಿ. ಕೊಬ್ಬರಿ ಬೇಡ, ಅದರಲ್ಲಿ ಎಣ್ಣೆ ಜಾಸ್ತಿ, ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು ಅಂತ ವಿಮಾನದಲ್ಲಿ ಬಿಡುವುದಿಲ್ಲ. ತೆಂಗಿನ ನಾಡಿನವರಿಗೆ ಇದನ್ನು ನಂಬಿಸುವುದೇ ಕಷ್ಟ. ಗಸಗಸೆ ಮಾತ್ರ ಗಲ್ಫಿಗಾಗಲಿ ಸಿಂಗಪುರಕ್ಕಾಗಲಿ ಒಂದು ಚಮಚವೂ ಬೇಡ, ನಮಗೆ ಪಾಯಸದ ಸಾಮಾನು, ಅಲ್ಲಿ ಅಮಲು ಪದಾರ್ಥದ ಕೇಸು. ಎಲೆ ಅಡಿಕೆ ಚಟ ಇರುವವರು ಕೊನೆಯ ವೀಳ್ಯವನ್ನು ಕೇರಳ ಗಡಿಯ ತಲಪಾಡಿಯಲ್ಲೇ ಮುಗಿಸಲಿ. ಮಾತ್ರೆಗಳಿಗೆ ಡಾಕ್ಟರ ಚೀಟಿ ಇರಲಿ, ಕೊಡೀನ್ ಇರುವ ಕೆಮ್ಮಿನ ಸಿರಪ್ ಮನೆಯಲ್ಲೇ ಇರಲಿ. ಪವರ್ ಬ್ಯಾಂಕ್ ಕೈಚೀಲದಲ್ಲಿ.

ಸೆಕ್ಯುರಿಟಿ ಚೆಕ್ಕಿಗೆ ಮೊದಲು ಅವರನ್ನು ಪಕ್ಕಕ್ಕೆ ಕರೆದು, ಸಣ್ಣ ಮಕ್ಕಳಿಗೆ ಹೇಳಿದ ಹಾಗೆ ಹೇಳಿ: "ಸರ್, ಇಲ್ಲಿಂದ ಆಚೆ ಗೇಟಿನವರೆಗೆ ಜೋಕ್ ಇಲ್ಲ." ಬೇಜಾರಾಗುತ್ತಾರೆ, ಆಗಲಿ. "ಬ್ಯಾಗಿನಲ್ಲಿ ಏನಿದೆ" ಅಂತ ಕೇಳಿದಾಗ ತಮಾಷೆಗೆ ಬಾಂಬ್ ಅಂದು ಪೊಲೀಸರ ಕೈಗೆ ಸಿಕ್ಕಿದವರ ಸುದ್ದಿಯನ್ನು ನಾನೇ ಟೈಪ್ ಮಾಡಿದ್ದೇನೆ.

ಭಾಷೆಯ ವಿಷಯದಲ್ಲಿ ಮಾತ್ರ ಕಾಸರಗೋಡಿನವರಾದ ನಾವು ನಿಜವಾಗಿ ಉಪಯೋಗಕ್ಕೆ ಬರುತ್ತೇವೆ. ದುಬೈಯ ಸಭಾಂಗಣದ ಬಾಗಿಲಲ್ಲಿ ಮೈಸೂರು ಕಡೆಯ ಒಬ್ಬ ಸಾಹಿತಿ ಅಲ್ಲಿದ್ದ ಮಲಯಾಳಿ ಹುಡುಗನಿಗೆ ಜೋರಾಗಿ, "ಪಟ್ಟಿ! ಪಟ್ಟಿ ನೋಡಪ್ಪಾ, ಪಟ್ಟಿ!" ಅನ್ನುತ್ತಿದ್ದರು. ಅತಿಥಿಗಳ ಪಟ್ಟಿ. ಮಲಯಾಳಂನಲ್ಲಿ ಪಟ್ಟಿ ಅಂದರೆ ನಾಯಿ. ಆ ಹುಡುಗ ಗಾಬರಿಯಿಂದ ಹಿಂದೆ ಮುಂದೆ ನೋಡುತ್ತಿದ್ದ. ನಾನು ಓಡಿ ಹೋಗಿ ಬಿಡಿಸಿದೆ, ಆ ರಾತ್ರಿ ವೇದಿಕೆಯಲ್ಲಿ ಅತಿ ದೊಡ್ಡ ನಗು ಬಂದಿದ್ದು ಅದಕ್ಕೇ. ಗಲ್ಫಿನ ಸಭೆಯಲ್ಲಿ ತುಳು, ಬ್ಯಾರಿ, ಕೊಂಕಣಿ ಮನೆಮಾತಿನವರು ತುಂಬಾ ಇರುತ್ತಾರೆ. ಬೆಂಗಳೂರಿನ ಬಡಾವಣೆ ಜೋಕು ಅಲ್ಲಿ ನಡೆಯುವುದಿಲ್ಲ ಅಂತ ವಿಮಾನದಲ್ಲೇ ಹೇಳಿಡಿ.

ಸುದ್ದಿ ಕಳಿಸುವ ಲೆಕ್ಕ ಸುಲಭ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಅಲ್ಲಿ ಒಂಬತ್ತೂವರೆಗೆ ಕಾರ್ಯಕ್ರಮ ಮುಗಿದರೆ ಇಲ್ಲಿ ಹನ್ನೊಂದು, ಡೆಸ್ಕಿನವರು ಪುಟ ಮುಗಿಸಿ ಚಹಾ ಕುಡಿಯುತ್ತಿರುತ್ತಾರೆ. ವರದಿಯ ಅರ್ಧವನ್ನು ಮಧ್ಯಾಹ್ನವೇ ಬರೆದಿಡಿ. ಸಿಂಗಪುರ ಎರಡೂವರೆ ಗಂಟೆ ಮುಂದೆ, ಆರಾಮ.

ಮುಂದೆ ನೆನಪು ಬರೆಯುವ ಆಸೆ ಇದ್ದರೆ ಜೋಕುಗಳನ್ನು ಬರೆದುಕೊಳ್ಳಬೇಡಿ. ಅವು ಹೇಗೂ ಯೂಟ್ಯೂಬಿನಲ್ಲಿ ಇರುತ್ತವೆ. ಜೋಕಿನ ಆಚೀಚೆ ಏನಾಯ್ತು ಅಂತ ಬರೆದುಕೊಳ್ಳಿ. ಒಮ್ಮೆ ಕಾರ್ಯಕ್ರಮ ಮುಗಿದ ಮೇಲೆ ಉಪ್ಪಳದ ಹುಡುಗನೊಬ್ಬ ವೇದಿಕೆ ಹಿಂದೆ ಬಂದ. ನಾಲ್ಕು ವರ್ಷದಿಂದ ಊರಿಗೆ ಹೋಗಿಲ್ಲವಂತೆ, ಗಲ್ಫ್ ಗಂಡನ ಜೋಕಿಗೆ ಎಲ್ಲರ ಜೊತೆ ತಾನೂ ನಕ್ಕನಂತೆ. ಅಷ್ಟು ಹೇಳಿ ಸುಮ್ಮನೆ ನಿಂತ. ನಮ್ಮ ಸಾಹಿತಿ ಪ್ಲಾಸ್ಟಿಕ್ ಕುರ್ಚಿ ಎಳೆದು ಅವನನ್ನು ಕೂರಿಸಿ, ಮನೆಯಲ್ಲಿ ಪತ್ರೊಡೆ ಹೇಗೆ ಮಾಡುತ್ತಾರೆ ಅಂತ ಕೇಳಿದರು. ಹತ್ತು ನಿಮಿಷ ಕೆಸುವಿನ ಎಲೆಯದ್ದೇ ಮಾತು. ಮಾರನೆಯ ದಿನ ಬೇರೆ ಊರಲ್ಲಿ ಕಾರ್ಯಕ್ರಮ, ಆ ಜೋಕು ಬರಲಿಲ್ಲ. ಯಾಕೆ ಅಂತ ನಾನು ಕೇಳಲಿಲ್ಲ. ತಾರೀಕು ಹಾಕಿ ಡೈರಿಯಲ್ಲಿ ಬರೆದಿಟ್ಟೆ.

ಊಟದ ಮೇಜಿನಲ್ಲಿ ಆಡಿದ್ದನ್ನು ಕೇಳದೆ ಅಚ್ಚಿಗೆ ಕೊಡಬೇಡಿ. ಬರೆದದ್ದನ್ನು ಒಮ್ಮೆ ಅವರಿಗೆ ತೋರಿಸಿ. ಹೊಡೆದು ಹಾಕುತ್ತಾರೆ ಅಂತ ಹೆದರಿದ್ದೆ. ಪತ್ರೊಡೆಯ ಆ ಸಾಹಿತಿ ಪೂರ್ತಿ ಓದಿ, ಪೆನ್ನು ತೆಗೆದು, ಒಂದೇ ಕಡೆ ಗೀಟು ಹಾಕಿದರು. "ಕಿಟಕಿ ಸೀಟು ನಾನು ಕೇಳಿದ್ದಲ್ಲ, ನೀವೇ ಕೊಟ್ಟಿದ್ದು."