ಫಿಂಚ್ ತರುವ ಮುನ್ನ ನವಣೆ ತನ್ನಿ

ಜೀಬ್ರಾ ಫಿಂಚ್‌ನ ತವರು ಆಸ್ಟ್ರೇಲಿಯಾದ ಒಣ ಹುಲ್ಲುಗಾವಲು. ಸುಮಾರು 10 ಸೆಂ.ಮೀ. ಉದ್ದ, 12 ಗ್ರಾಂ ತೂಕದ ಈ ಹಕ್ಕಿಗೆ ದಾವಣಗೆರೆ, ಚಿತ್ರದುರ್ಗದ ಒಣ ಹವೆ ಹೊಸದೇನಲ್ಲ. ಅದು ತಿನ್ನುವ ಕಾಳಂತೂ ನಮ್ಮ ಹೊಲಗಳಲ್ಲೇ ಬೆಳೆಯುತ್ತದೆ. ಆದರೂ ಹೊಸಬರು ಚಂದದ ಪಂಜರಕ್ಕೆ ದುಡ್ಡು ಸುರಿದು ಕಾಳಿನ ವಿಷಯದಲ್ಲಿ ಎಡವುತ್ತಾರೆ.

ಯಾವ ಹಕ್ಕಿ?

ಮೊದಲ ಸಲ ಸಾಕುವವರಿಗೆ ಜೀಬ್ರಾ ಅಥವಾ ಬೆಂಗಾಲೀಸ್ ಫಿಂಚ್ ಸಾಕು. ಬಣ್ಣಬಣ್ಣದ ಗೌಲ್ಡಿಯನ್ ಅನುಭವಿಗಳಿಗಿರಲಿ. ನಮ್ಮ ಹೊಲಗಳ ರಾಟವಾಳ (ಮುನಿಯಾ) ಹಕ್ಕಿಗಳನ್ನು ಹಿಡಿದು, ಬಣ್ಣ ಬಳಿದು ಮಾರುವವರೂ ಇದ್ದಾರೆ. ಅವನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಜಾವಾ ಗುಬ್ಬಿ ಬೇಕೆಂದರೆ ಅದು ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಪಟ್ಟಿಯಲ್ಲಿರುವುದರಿಂದ ನೋಂದಣಿ ಮಾಡಿಸಬೇಕು.

ಒಂಟಿ ಫಿಂಚ್ ಸೊರಗುತ್ತದೆ, ಜೋಡಿಯನ್ನೇ ತನ್ನಿ. ಜೀಬ್ರಾ ಗಂಡಿಗೆ ಕೆನ್ನೆಯಲ್ಲಿ ಕಿತ್ತಳೆ ಮಚ್ಚೆ, ಕತ್ತಿನಲ್ಲಿ ಗೆರೆ. ಹಾಡುವುದೂ ಅದೇ, ಹಾಡು ಕಲಿಯುವುದು ಅಪ್ಪನಿಂದ. ಲವ್‌ಬರ್ಡ್ಸ್ ಜತೆ ಮಾತ್ರ ಬಿಡಬೇಡಿ, ಅವು ಫಿಂಚ್‌ಗಳ ಕಾಲನ್ನೇ ಕಚ್ಚುತ್ತವೆ.

ಪಂಜರ

ಫಿಂಚ್ ಅಡ್ಡಡ್ಡ ಹಾರುವ ಹಕ್ಕಿ. ಗೋಪುರದಂತಹ ಎತ್ತರದ ಪಂಜರ ನೋಡಲಷ್ಟೇ ಚೆಂದ, ಅದಕ್ಕೆ ಬೇಕಿರುವುದು ಉದ್ದ. ಒಂದು ಜೋಡಿಗೆ ಎರಡೂವರೆ ಅಡಿಯಾದರೂ ಇರಲಿ. ಸರಳುಗಳ ಸಂದಿ ಅರ್ಧ ಇಂಚು ಮೀರಬಾರದು. ಕೂರಲು ಬೇವು ಅಥವಾ ಪೇರಲದ ಕಡ್ಡಿಗಳನ್ನು ತೊಳೆದು ಒಣಗಿಸಿ ಕಟ್ಟಿ. ಒಂದೇ ದಪ್ಪದವು ಬೇಡ, ಪಾದ ನೋಯುತ್ತದೆ. ಇರುವೆ ಕಾಟವಿದ್ದರೆ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿಡಿ.

ಕಾಳು

ಅಂಗಡಿಯಲ್ಲಿ ಪ್ಯಾಕೆಟ್ ಮಾಡಿ ಮಾರುವ ಫಿಂಚ್ ಆಹಾರದಲ್ಲಿ ಬಹುಪಾಲು ನವಣೆಯೇ. ಚಿತ್ರದುರ್ಗ ಜಿಲ್ಲೆಯಲ್ಲಿ ಸಿರಿಧಾನ್ಯ ಬೆಳೆಯುವ ರೈತರ ಬಳಿ ನವಣೆ, ಸಾವೆ ನೇರವಾಗಿ ಸಿಕ್ಕರೆ ಇನ್ನೂ ಒಳ್ಳೆಯದು. ಆದರೆ ಎರಡು ಎಚ್ಚರ. ಅಡುಗೆಗೆ ಬಳಸುವ, ಸಿಪ್ಪೆ ತೆಗೆದ ನವಣೆ ಅಕ್ಕಿ ಬೇಡ. ಕೊಕ್ಕಿನಲ್ಲಿ ಸಿಪ್ಪೆ ಬಿಡಿಸುವುದೇ ಈ ಹಕ್ಕಿಯ ದಿನದ ಕಸುಬು. ಇನ್ನು ಬಿತ್ತನೆ ಬೀಜವನ್ನಂತೂ ಮುಟ್ಟಲೇಬೇಡಿ, ಅದಕ್ಕೆ ಶಿಲೀಂಧ್ರನಾಶಕ ಲೇಪಿಸಿರುತ್ತಾರೆ.

ನವಣೆ ಹೆಚ್ಚು, ಸಾವೆ ಮತ್ತು ಬರಗು ಕಡಿಮೆ ಬೆರೆಸಿ, ಮೊರದಲ್ಲಿ ಕೇರಿ, ಗಾಳಿಯಾಡದ ಡಬ್ಬಿಯಲ್ಲಿ ತುಂಬಿಡಿ. ತೆನೆ ಸಿಕ್ಕರೆ ಹಾಗೆಯೇ ನೇತುಹಾಕಿ, ಜೋತಾಡುತ್ತ ಕಿತ್ತು ತಿನ್ನುವುದನ್ನು ನೋಡುವುದೇ ಒಂದು ಸಂಭ್ರಮ.

ಬಟ್ಟಲು ತುಂಬಿದಂತೆ ಕಂಡರೆ ನಂಬಬೇಡಿ. ತಿಂದ ಕಾಳಿನ ಹೊಟ್ಟು ಮೇಲೇ ಉಳಿದಿರುತ್ತದೆ. ಅದನ್ನು ದಿನವೂ ಊದಿ ನೋಡದಿದ್ದರೆ, ತುಂಬಿದ ಬಟ್ಟಲಿನ ಮುಂದೆಯೇ ಹಕ್ಕಿ ಹಸಿವಿನಿಂದ ಸಾಯುತ್ತದೆ.

ಬರೀ ಕಾಳಿನಿಂದ ಪೋಷಣೆ ಪೂರ್ತಿಯಾಗದು. ತೊಳೆದ ಕೊತ್ತಂಬರಿ, ಪಾಲಕ್, ರಾತ್ರಿ ನೆನೆಸಿ ಮೊಳಕೆ ಕಟ್ಟಿದ ನವಣೆ, ವಾರಕ್ಕೆ ಒಂದೆರಡು ಸಲ ಚೂರು ಬೇಯಿಸಿದ ಮೊಟ್ಟೆ ಕೊಡಿ. ಮೊಳಕೆ, ಮೊಟ್ಟೆ ಒಂದೆರಡು ಗಂಟೆಗಿಂತ ಹೆಚ್ಚು ಹೊತ್ತು ಪಂಜರದಲ್ಲಿರಬಾರದು, ಬಿಸಿಲಿಗೆ ಹಳಸುತ್ತವೆ. ಸುಣ್ಣದ ಅಂಶಕ್ಕೆ ಕಟಲ್‌ಬೋನ್ (ಕಟಲ್‌ಫಿಶ್ ಎಂಬ ಕಡಲಜೀವಿಯ ಒಳಚಿಪ್ಪು), ಇಲ್ಲವೇ ಕುದಿಸಿ ಪುಡಿ ಮಾಡಿದ ಮೊಟ್ಟೆಯ ಚಿಪ್ಪು. ಮಂಡಕ್ಕಿ ದಾವಣಗೆರೆಯ ಹೆಮ್ಮೆ ಇರಬಹುದು, ಆದರೆ ಉಪ್ಪು ಬೆರೆತ ಅದು ಹಕ್ಕಿಗೆ ಬೇಡ. ಬೆಣ್ಣೆಹಣ್ಣು, ಚಾಕೊಲೇಟ್ ವಿಷ.

ಜಾಗ

ಎಳೆ ಬಿಸಿಲು ತಾಗುವ, ನೇರ ಗಾಳಿ ಬಡಿಯದ ಮೂಲೆ ಬೇಕು. ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುವ ಚಿತ್ರದುರ್ಗದಲ್ಲಿ ಮುಂಗಾರಿನ ತಿಂಗಳುಗಳಲ್ಲಿ ವರಾಂಡದ ಪಂಜರಕ್ಕೆ ಮೂರು ಕಡೆ ಮರೆ ಕಟ್ಟಿ. ಏಪ್ರಿಲ್ ಬಿಸಿಲಲ್ಲಿ ಹಕ್ಕಿ ಬಾಯಿ ತೆರೆದು, ರೆಕ್ಕೆ ಅಗಲಿಸಿ ಏದುಸಿರು ಬಿಟ್ಟರೆ ತಕ್ಷಣ ತಂಪಿಗೆ ಸರಿಸಿ, ಹತ್ತಿರದಲ್ಲಿ ಒದ್ದೆ ಗೋಣಿಚೀಲ ತೂಗಿಬಿಡಿ. ಕುಡಿಯುವ ನೀರು ದಿನವೂ ಹೊಸದು, ಮೀಯಲು ಬೇರೆ ಅಗಲದ ತಟ್ಟೆ. ಅಡುಗೆಮನೆಯಿಂದ ದೂರವಿರಲಿ: ಅತಿಯಾಗಿ ಕಾದ ನಾನ್‌ಸ್ಟಿಕ್ ಪಾತ್ರೆಯ ಹಬೆ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲಬಲ್ಲದು. ಸೊಳ್ಳೆಬತ್ತಿಯೂ ಬೇಡ.

ಹಗಲಲ್ಲೂ ಪುಕ್ಕ ಉಬ್ಬಿಸಿ ಪಂಜರದ ತಳದಲ್ಲಿ ಕೂತರೆ ಕಾಯಿಲೆ ಆಗಲೇ ಬಲಿತಿದೆ ಎಂದರ್ಥ. ಬೆಚ್ಚಗಿಟ್ಟು ಪಶುವೈದ್ಯರ ಬಳಿ ಒಯ್ಯಿರಿ, ಕಂಡವರು ಹೇಳಿದ ಮಾತ್ರೆ ಕರಗಿಸಿ ಕುಡಿಸಬೇಡಿ. ಹೊಸ ಹಕ್ಕಿಯನ್ನು ಮೂರು ವಾರ ಬೇರೆಯಾಗಿಟ್ಟೇ ಹಳೆಯವುಗಳ ಜತೆ ಸೇರಿಸಿ.

ಮರಿ ಬೇಕೇ?

ಗೂಡು ಕಟ್ಟಿಟ್ಟರೆ ಜೀಬ್ರಾ ಫಿಂಚ್ ಬಿಡುವಿಲ್ಲದೆ ಮೊಟ್ಟೆ ಇಡುತ್ತದೆ, ಹೆಣ್ಣು ಸವೆಯುತ್ತದೆ, ಮೊಟ್ಟೆ ಒಳಗೇ ಸಿಕ್ಕಿಕೊಂಡು ಸಾಯುವುದೂ ಉಂಟು. ವರ್ಷಕ್ಕೆ ಎರಡು ಮೂರು ಸಲ ಮರಿಯಾದ ಮೇಲೆ ಗೂಡು ತೆಗೆದಿಡಿ. ಕಾವು ಸುಮಾರು ಎರಡು ವಾರ. ಮರಿಗಳು ಹುಟ್ಟಿದ ಮೂರನೇ ವಾರದ ಹೊತ್ತಿಗೆ ಗೂಡಿನಿಂದ ಹೊರಬಂದು, ಇನ್ನೆರಡು ಮೂರು ವಾರದಲ್ಲಿ ತಾವೇ ಕಾಳು ಬಿಡಿಸುತ್ತವೆ. ಆಮೇಲೆ ಬೇರೆ ಪಂಜರ. ಒಂದೇ ಗೂಡಿನವನ್ನು ಜೋಡಿ ಮಾಡದೆ, ಸಾಕುವ ಬೇರೆ ಮನೆಯವರೊಂದಿಗೆ ಅದಲುಬದಲು ಮಾಡಿಕೊಳ್ಳಿ.