ಫೋಟೊ ತೆಗೆಯುತ್ತಾ ಯೋಚಿಸುವುದು ಹೇಗೆ? ಅಶ್ವತ್ಥಕಟ್ಟೆಯಿಂದ ಶುರು ಮಾಡಿ

ಚೆಂದದ ಫೋಟೊ ಬೇಕು ಅನ್ನೋದನ್ನು ಸ್ವಲ್ಪ ದಿನ ಬದಿಗಿಡಿ. ಒಂದೇ ಬಗೆಯ ವಸ್ತು ಆರಿಸಿಕೊಂಡು ಅದನ್ನೇ ಬೇರೆ ಬೇರೆ ಕಡೆ ತೆಗೆಯಿರಿ. ಜರ್ಮನಿಯ ಬರ್ನ್ಡ್ ಮತ್ತು ಹಿಲ್ಲಾ ಬೆಖರ್ ದಂಪತಿ 1959ರಿಂದ ದಶಕಗಳ ಕಾಲ ಮಾಡಿದ್ದು ಇದನ್ನೇ. ನೀರಿನ ಟ್ಯಾಂಕು, ಗಣಿಯ ಗೋಪುರಗಳನ್ನು ನೆರಳು ಬೀಳದ ಮೋಡದ ಬೆಳಕಲ್ಲಿ, ಒಂದೇ ರೀತಿ ತೆಗೆದು ಸಾಲಾಗಿ ಜೋಡಿಸಿದರು.

ನಮ್ಮಲ್ಲಿ ಇದಕ್ಕೆ ಅಶ್ವತ್ಥಕಟ್ಟೆಗಿಂತ ಒಳ್ಳೆಯದು ಸಿಗೋದು ಕಷ್ಟ. ಫೋನ್ ಸಾಕು. ಜೂಮ್ ಬೇಡ, ಎದೆಯ ಎತ್ತರದಲ್ಲಿ ಹಿಡಿಯಿರಿ, ಪ್ರತಿ ಸಲ ಅಷ್ಟೇ ದೂರ ನಿಲ್ಲಿ, ಮರದ ಬುಡ, ಕಟ್ಟೆ, ಸುತ್ತಲಿನ ನೆಲ ಮೂರೂ ಬರಲಿ. ಯಾರಾದರೂ ಕೂತಿದ್ದರೆ ಮೊದಲು ಅವರನ್ನು ಕೇಳಿ.

ಆಮೇಲೆ ಪ್ರಿಂಟ್ ಹಾಕಿಸಿ ನೆಲದ ಮೇಲೆ ಹರಡಿ. ಇದನ್ನು ಮಾತ್ರ ಬಿಡಬೇಡಿ, ಫೋನಿನಲ್ಲಿ ಒಂದೊಂದೇ ಸರಿಸುತ್ತಾ ಹೋದರೆ ಏನೂ ಹೊಳೆಯಲ್ಲ. ಒಂದು ಕಟ್ಟೆಗೆ ಹಳೇ ಕಲ್ಲುಚಪ್ಪಡಿ, ಇನ್ನೊಂದಕ್ಕೆ ನುಣ್ಣನೆ ಟೈಲ್ಸು. ಒಂದರಲ್ಲಿ ನಾಗರಕಲ್ಲಿಗೆ ಅರಿಶಿನ ಮೆತ್ತಿದೆ, ಪಕ್ಕದಲ್ಲೇ ಯಾರೋ ಪೇಪರ್ ಓದುತ್ತಿದ್ದಾರೆ, ಮತ್ತೊಂದರ ಸುತ್ತ ಕಬ್ಬಿಣದ ಗ್ರಿಲ್ಲು, ಅದಕ್ಕೆ ಬೀಗ. ದಿನಾ ಸುಮ್ನೆ ಅದರ ಮುಂದೆ ಓಡಾಡುವಾಗ ಈ ಬೀಗ ಕಣ್ಣಿಗೆ ಬಿದ್ದಿರಲ್ಲ, ಅಲ್ವಾ? ಇಲ್ಲಿ ಕೂರುತ್ತಿದ್ದವರು ಈಗೆಲ್ಲಿ ಕೂರುತ್ತಾರೆ? ಸಿಮೆಂಟ್ ಮೆತ್ತಿದ ಮೇಲೆ ಬೇರಿಗೆ ನೀರು ಇಳಿಯಲು ಎಷ್ಟು ಮಣ್ಣು ಉಳಿದಿದೆ? ನನಗಂತೂ ಇಂಥ ಪ್ರಶ್ನೆ ಒಳ್ಳೆ ಫೋಟೊಗಿಂತ ಜಾಸ್ತಿ ಖುಷಿ ಕೊಡುತ್ತದೆ.

ಆ ಪ್ರಶ್ನೆ ಹಿಡಿದು ಮತ್ತೆ ಹೋಗಿ. ಈ ಸಲ ಇಡೀ ಕಟ್ಟೆ ಬೇಡ, ಬುಡದ ಮಣ್ಣನ್ನಷ್ಟೇ ಹತ್ತಿರದಿಂದ ತೆಗೆಯಿರಿ. ಪ್ರತಿ ಪ್ರಿಂಟಿನ ಹಿಂದೆ ಜಾಗ, ತಾರೀಖು, ಹೊತ್ತು ಬರೆದಿಡಿ.